ಕೇಕ್ ಮೇಲೆ ಕೂರಿಸುವ ಖಣದ ಹಕ್ಕಿ ಜೋಡಿ: ಕಾಲು ನಿಲ್ಲುತ್ತಿಲ್ಲ, ಬಣ್ಣ ಬಿಡುತ್ತಿದೆ, ಬೆಲೆ ಎಷ್ಟು ಹೇಳಲಿ?

ಸೂಜಿಮಲ್ಲಿಗೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು 14 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಹೊಲಿಸುವವರು ನಮ್ಮ ಕಡೆ ಈಗಲೂ ಬೇಕಾದಷ್ಟು ಜನ ಇದ್ದಾರೆ. ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಲು ನನಗೆ ಮನಸ್ಸೇ ಬರುವುದಿಲ್ಲ. ಅಂಗೈಯಗಲದ ತುಂಡಿನಲ್ಲೂ ಎಷ್ಟು ಚಂದದ ನೇಯ್ಗೆ ಇರುತ್ತದೆ ಅಂತ ಮುಟ್ಟಿದವರಿಗೇ ಗೊತ್ತು. ಒಂದು ಗೋಣಿಚೀಲ ತುಂಬಾ ಕೂಡಿಟ್ಟಿದ್ದೆ.

ಮೂರು ವರ್ಷದ ಹಿಂದೆ ಮಗಳಿಗಾಗಿ ಅದರಲ್ಲಿ ಒಂದು ಗುಬ್ಬಿ ಹೊಲಿದೆ. ಕೊಕ್ಕಿನಿಂದ ಬಾಲದ ತುದಿಗೆ 7 ಸೆಂಟಿಮೀಟರ್. ಎರಡು ಪಕ್ಕದ ತುಂಡು, ಹೊಟ್ಟೆಗೆ ಎಲೆಯಾಕಾರದ ಒಂದು ತುಂಡು, ಅಷ್ಟೇ. ಅಲ್ಲಿಂದ ಕೈ ನಿಂತಿಲ್ಲ. ಗಿಳಿ, ಸೂರಕ್ಕಿ, ಮಿಂಚುಳ್ಳಿ ಎಲ್ಲ ಮಾಡಿದೆ. ಕಳೆದ ಜನವರಿಯಲ್ಲಿ ಅಕ್ಕನ ಮಗಳ ಗೆಳತಿಯ ಮದುವೆ ಮಂಗಳೂರಿನಲ್ಲಿ. ಚರ್ಚಿನಲ್ಲಿ ಮದುವೆ, ಆಮೇಲೆ ಹಾಲ್‌ನಲ್ಲಿ ಕೇಕ್ ಕತ್ತರಿಸುವುದು. ಕೇಕ್ ಮೇಲೆ ಪ್ಲಾಸ್ಟಿಕ್ ಗಂಡು ಹೆಣ್ಣು ಬೇಡ, ಆಂಟಿಯ ಗುಬ್ಬಿಗಳೇ ಬೇಕು ಅಂತ ಆ ಹುಡುಗಿ ಹಠ ಹಿಡಿದಳು. ಗಂಡು ಗುಬ್ಬಿಯ ಕತ್ತಿನ ಕಪ್ಪಿಗೆ ಹಳೆ ಕೊಡೆಯ ಬಟ್ಟೆ ಹಾಕಿದೆ. ಹೆಣ್ಣಿಗೆ ಮರೂನ್ ಖಣ, ತಲೆಗೆ ಬಿಳಿ ನೆಟ್‌ನ ಚೂರು. ಎಷ್ಟು ಪ್ರೀತಿಯಿಂದ ಮಾಡಿದ್ದೆ ಅಂದರೆ, ಕಳಿಸುವ ಹಿಂದಿನ ರಾತ್ರಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದೆ.

ಮದುವೆ ದಿನ ಏನಾಯಿತು ಗೊತ್ತಾ? ತಂತಿಯ ಕಾಲು ಕ್ರೀಮಿನೊಳಗೆ ಇಳಿದುಹೋಯಿತು. ಗಂಡು ಗುಬ್ಬಿ ಮುಂದಕ್ಕೆ ಬಾಗಿ ಕೊಕ್ಕು ಊರಿತು. ಹೆಣ್ಣಿನ ಹೊಟ್ಟೆ ಬೆಣ್ಣೆಯ ಜಿಡ್ಡು ಹೀರಿಕೊಂಡಿತು, ಬಿಳಿ ಕೇಕ್ ಮೇಲೆ ಮರೂನ್ ಬಣ್ಣದ ಒಂದು ಉಂಗುರ ಮೂಡಿತು. ಆ ಹುಡುಗಿ ಏನೂ ಅನ್ನಲಿಲ್ಲ, ಆ ಭಾಗ ಕತ್ತರಿಸಿ ತೆಗೆದು ನಕ್ಕಳು. ಫೋಟೋ ನೋಡಿ ನನಗೆ ಮಾತ್ರ ಅಳು ಬಂತು.

ಈಗ ಡಿಸೆಂಬರ್‌ಗೆ ನಾಲ್ಕು ಜೋಡಿ ಆರ್ಡರ್ ಬಂದಿದೆ. ಒಬ್ಬರು ನೀಲಕಂಠದ ಜೋಡಿ ಕೇಳಿದ್ದಾರೆ. ಮತ್ತೆ ಅದೇ ತಪ್ಪು ಆಗಬಾರದು. ಜಿಡ್ಡು, ಬಣ್ಣ ತಡೆಯುವುದು ಹೇಗೆ? ಕಾಲು ನಿಲ್ಲಿಸುವುದು ಹೇಗೆ? ಇನ್ನೊಂದು, ಮೊದಲ ಜೋಡಿಗೆ 300 ರೂಪಾಯಿ ತಗೊಂಡಿದ್ದೆ. ಒಂದು ಜೋಡಿಗೆ ಆರು ಗಂಟೆ ಹಿಡಿಯುತ್ತದೆ. ಜಾಸ್ತಿ ಕೇಳಲು ಬಾಯಿ ಬರುವುದಿಲ್ಲ. ಬಲ್ಲವರು ದಯವಿಟ್ಟು ಹೇಳಿ.

ಕರಾವಳಿ ಓವನ್, ಮಂಗಳೂರು

ಅಕ್ಕಾ, ನಾನು ಕೇಕ್ ಮಾಡುವವಳು. ನಿಮ್ಮ ಗುಬ್ಬಿಗಳಿಗೆ ಆದದ್ದು ಓದಿ ಬೇಸರವಾಯಿತು. ಆದರೆ ಇದರಲ್ಲಿ ನಿಮ್ಮ ಹೊಲಿಗೆಯ ತಪ್ಪೇನೂ ಇಲ್ಲ. ಬಟ್ಟೆ ಕೇಕನ್ನು ಮುಟ್ಟಲೇಬಾರದು, ಅಷ್ಟೇ ವಿಷಯ. ನಮ್ಮ ಊರಿನ ಸೆಕೆಗೆ ಎಸಿ ಇಲ್ಲದ ಹಾಲ್‌ನಲ್ಲಿ ಬಟರ್ ಕ್ರೀಮ್ ಒಂದು ಗಂಟೆಯಲ್ಲೇ ಮೆತ್ತಗಾಗುತ್ತದೆ. ಅದರ ಮೇಲೆ ಏನಿಟ್ಟರೂ ಇಳಿಯುತ್ತದೆ.

ಹಕ್ಕಿಗಳನ್ನು ಒಂದು ಪುಟ್ಟ ಕೊಂಬೆ ಮೇಲೆ ಕೂರಿಸಿ, ಆ ಕೊಂಬೆಯನ್ನು ದುಂಡನೆಯ ಅಕ್ರಿಲಿಕ್ ಬಿಲ್ಲೆಗೆ ಅಂಟಿಸಿ. ಬಿಲ್ಲೆ ಮಾತ್ರ ಕೇಕ್ ಮೇಲೆ ಕೂರುತ್ತದೆ. ಮೇಲಿನ ಅಂತಸ್ತು ಸಾಮಾನ್ಯವಾಗಿ 6 ಇಂಚು ಇರುತ್ತದೆ, ಹಾಗಾಗಿ ಬಿಲ್ಲೆ 3 ಇಂಚು ಇದ್ದರೆ ಚಂದ. ಆರ್ಡರ್ ತಗೊಳ್ಳುವಾಗಲೇ ಈ ಅಳತೆ ಕೇಳಿಬಿಡಿ. ತಂತಿಯನ್ನು ನೇರವಾಗಿ ಕೇಕಿಗೆ ಚುಚ್ಚುವುದು ಬೇಡ, ಅದು ತಿನ್ನುವ ವಸ್ತು ಅಲ್ವಾ? ಚುಚ್ಚಲೇಬೇಕು ಅಂದರೆ ಮೊದಲು ದಪ್ಪನೆಯ ಜ್ಯೂಸ್ ಸ್ಟ್ರಾ ಇಳಿಸಿ, ಅದರೊಳಗೆ ತಂತಿ ಹಾಕಬೇಕು.

ಫಾಂಡಂಟ್ ಕೇಕ್, ಅಂದರೆ ಸಕ್ಕರೆಯ ಹಾಳೆ ಹೊದಿಸಿದ ಕೇಕ್ ಆದರೆ ಜಿಡ್ಡಿನ ಕಾಟ ಕಡಿಮೆ. ಆದರೆ ಫ್ರಿಜ್‌ನಿಂದ ಹೊರಗೆ ತೆಗೆದ ಮೇಲೆ ಅದು ಬೆವರುತ್ತದೆ. ಹಾಗಾಗಿ ಹಕ್ಕಿಗಳನ್ನು ಹಾಲ್‌ನಲ್ಲಿ, ಕೊನೆಗೆ ಇಡಬೇಕು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: "ಕೇಕ್ ಜಾಗಕ್ಕೆ ಬಂದ ಮೇಲೆ ಇಡಿ, ಫ್ರಿಜ್‌ನಲ್ಲಿ ಇಡಬೇಡಿ". ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಒಂದು ಮಾತು ಹೇಳಲೇಬೇಕು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆ ಕೇಕ್ ಮೇಲೆ ಇಟ್ಟ ಗೊಂಬೆಗಳ ಕಾಲ ಬಳಿ ಒಂದು ಜೋಡಿ ಪಾರಿವಾಳ ಇದ್ದವಂತೆ. ಕೇಕ್ ಮೇಲೆ ಹಕ್ಕಿ ಕೂರುವುದು ಹೊಸದೇನಲ್ಲ. ಖಣದ ಹಕ್ಕಿ ಕೂರುವುದು ಹೊಸದು. ನಮ್ಮ ಗಿರಾಕಿಗಳಿಗೆ ನಾನೂ ಹೇಳುತ್ತೇನೆ.

ನೀಲಿನೂಲು, ಮೈಸೂರು

ತಂಗೀ, ಒಂಬತ್ತು ವರ್ಷದಿಂದ ಬಟ್ಟೆ ಹಕ್ಕಿ ಮಾಡುತ್ತಿದ್ದೇನೆ. ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡ.

ಮೊದಲು ಬಣ್ಣ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಅಂಗಡಿಗೆ ಬಂದ ಬಟ್ಟೆಯ ಬಣ್ಣವನ್ನು ಉಪ್ಪೂ ಹಿಡಿಯುವುದಿಲ್ಲ, ವಿನಿಗರ್ ಕೂಡ ಹಿಡಿಯುವುದಿಲ್ಲ. ಮಾಡಬೇಕಾದ್ದು ಇಷ್ಟೇ: ಚೂರುಗಳನ್ನು ಬಿಸಿನೀರಲ್ಲಿ ತೊಳೆ, ಒದ್ದೆ ಇರುವಾಗಲೇ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತು. ಮೂರನೇ ಸಲವೂ ಕಲೆ ಬಿದ್ದರೆ ಆ ಚೂರು ಕೇಕಿನ ಹಕ್ಕಿಗೆ ಬೇಡ. ಅದನ್ನು ತೋರಣದ ಗಿಳಿಗೆ ಇಟ್ಟುಕೋ. ಕೆಂಪು, ಮರೂನ್ ಬಗ್ಗೆ ಯಾವಾಗಲೂ ಅನುಮಾನ ಇರಲಿ.

ಖಣದ ಅಂಚಿನಿಂದ ಎಳೆ ಬಿಚ್ಚುತ್ತದೆ, ನಿನಗೆ ಗೊತ್ತೇ ಇದೆ. ಪುಟ್ಟ ಹಕ್ಕಿಯಲ್ಲಿ ಹೊಲಿಗೆಯ ಹೊರಗೆ 4 ಮಿಲಿಮೀಟರ್‌ಗಿಂತ ಜಾಸ್ತಿ ಬಿಡಲು ಆಗುವುದಿಲ್ಲ. ಅದಕ್ಕೆ ಕತ್ತರಿಸುವ ಮೊದಲೇ ಹಿಂಭಾಗಕ್ಕೆ ತೆಳು ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಬಟ್ಟೆ) ಇಸ್ತ್ರಿ ಮಾಡು. ತಿರುವಿ ಹಾಕಲು ಮೆಡಿಕಲ್ ಸಾಮಾನಿನ ಅಂಗಡಿಯ ಚಿಮಟ ತಗೋ, ಕೊಕ್ಕು ಚೂಪಾಗಿ ಹೊರಗೆ ಬರುತ್ತದೆ. ಹತ್ತಿಯನ್ನು ಚಿಟಿಕೆ ಚಿಟಿಕೆ ತುಂಬು, ಕೊಕ್ಕಿನಿಂದ ಶುರು ಮಾಡಿ. ಭಾರಕ್ಕೆ ಅಕ್ಕಿ, ರಾಗಿ ಹಾಕುವವರಿದ್ದಾರೆ. ಬೇಡಮ್ಮ, ಹುಳ ಬೀಳುತ್ತದೆ.

ಇನ್ನು ಕಾಲು. ನಿನ್ನ ಗುಬ್ಬಿ ಮುಂದಕ್ಕೆ ಬಾಗಿದ್ದು ಬರೀ ಕ್ರೀಮಿನಿಂದ ಅಲ್ಲ ಅಂತ ನನ್ನ ಅಂದಾಜು. ಬಾಲವನ್ನೂ ಸೇರಿಸಿ ಉದ್ದ ಅಳೆದು ಸರಿ ನಡುವೆ ಕಾಲು ಇಟ್ಟಿರುತ್ತೀಯ. ಬಾಲಕ್ಕೆ ಭಾರ ಎಲ್ಲಿದೆ? ಭಾರ ಎಲ್ಲಾ ಎದೆಯಲ್ಲಿ. ಹತ್ತಿ ತುಂಬಿದ ಮೇಲೆ, ಕಾಲು ಹಾಕುವ ಮೊದಲು, ಬೆನ್ನಿಗೆ ದಾರ ಪೋಣಿಸಿ ಎತ್ತಿ ನೋಡು. ಮೂತಿ ಕೆಳಗೆ ಹೋದರೆ ದಾರವನ್ನು ಇನ್ನೊಂಚೂರು ಮುಂದೆ ಪೋಣಿಸು. ಯಾವ ಜಾಗದಲ್ಲಿ ಹಕ್ಕಿ ಅಲುಗಾಡದೆ ನೇರ ತೂಗುತ್ತದೋ, ಅದರ ಸರಿ ಕೆಳಗೆ ಪಾದ ಬರಬೇಕು. ಎರಡು ಕಾಲಿಗೆ ಎರಡು ತಂತಿ ಬೇಡ. 20 ಗೇಜಿನ ಒಂದೇ ತಾಮ್ರದ ತಂತಿಯನ್ನು ಹೇರ್‌ಪಿನ್ ಥರ ಬಗ್ಗಿಸಿ, ಬಾಗಿದ ಭಾಗ ಹೊಟ್ಟೆಯೊಳಗೆ ಇರುವಂತೆ ಹೊಲಿದುಬಿಡು. ಆಗ ಒಂದು ಕಾಲು ಇನ್ನೊಂದನ್ನು ಬಿಟ್ಟು ತಿರುಗುವುದಿಲ್ಲ. ಬೆರಳು ಮುಂದೆ ಮೂರು, ಹಿಂದೆ ಒಂದು. ಅದರ ಮೇಲೆ ಕಸೂತಿ ದಾರದ ಒಂದೇ ಎಳೆ ಸುತ್ತು.

ಮದುವೆ ಜೋಡಿಗೆ ಗಂಡು ಹೆಣ್ಣು ಬೇರೆ ಬೇರೆ ಕಾಣುವ ಹಕ್ಕಿ ಇದ್ದರೆ ಅರ್ಧ ಕೆಲಸ ಆದಂತೆ. ಗುಬ್ಬಿ ಸರಿ. ನನಗೆ ಅದಕ್ಕಿಂತ ಇಷ್ಟ ಮಡಿವಾಳ ಹಕ್ಕಿ. ಗಂಡು ಹೊಳೆಯುವ ಕಪ್ಪು ಬಿಳುಪು, ಸೂಟು ಹಾಕಿದ ಮದುಮಗನೇ. ಹೆಣ್ಣಿನಲ್ಲಿ ಆ ಕಪ್ಪಿನ ಜಾಗಕ್ಕೆ ಬೂದು. ನೀಲಕಂಠದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ನೆಟ್ ಮತ್ತು ಹೂವಿನಿಂದಲೇ ಗುರುತು ಮಾಡಬೇಕು. ಅದು ನಮ್ಮ ರಾಜ್ಯದ ಹಕ್ಕಿ, ಬಹಳ ಮನಸ್ಸಿಟ್ಟು ಮಾಡು. ತಂತಿ ಮೇಲೆ ಕೂತಾಗ ಅದು ಹೆಚ್ಚುಕಮ್ಮಿ ಕಂದು. ರೆಕ್ಕೆ ಬಿಚ್ಚಿದಾಗಲೇ ಆ ನೀಲಿ ತೋರುವುದು. ಮೈಯೆಲ್ಲ ನೀಲಿ ಬಟ್ಟೆ ಹಾಕಿದರೆ ಅದು ಬೇರೆ ಯಾವುದೋ ಹಕ್ಕಿ ಆಗುತ್ತದೆ.

ಬೆಲೆ ವಿಷಯಕ್ಕೆ ಬರುತ್ತೇನೆ. ಲೈನಿಂಗ್ ಬ್ಲೌಸಿಗೆ ನೀನು 450 ರೂಪಾಯಿ ತಗೊಂಡು ಮೂರು ಗಂಟೆ ಕೂರುತ್ತೀಯ ಅಂತಿಟ್ಟುಕೋ. ಗಂಟೆಗೆ 150 ಆಯಿತು. ಹಕ್ಕಿ ಜೋಡಿಗೆ ಆರು ಗಂಟೆ ಅಂದರೆ 900. ತಂತಿ, ಹತ್ತಿ, ಬಿಲ್ಲೆ, ಡಬ್ಬಿ ಸೇರಿ ಒಂದು 200. 1,100ಕ್ಕಿಂತ ಕಡಿಮೆಗೆ ಕೊಟ್ಟರೆ ನೀನು ಬ್ಲೌಸ್ ಬಿಟ್ಟು ಹಕ್ಕಿ ಮಾಡಿದ್ದಕ್ಕೆ ದಂಡ ಕಟ್ಟಿದ ಹಾಗೆ. ಹೊಸ ಹಕ್ಕಿ ಕೇಳಿದರೆ ನಮೂನೆ ತೆಗೆಯುವ ಒಂದು ದಿನದ ಕೂಲಿಯನ್ನೂ ಸೇರಿಸು. ಅರ್ಧ ದುಡ್ಡು ಮುಂಗಡ ತಗೋ. ಕೇಳಲು ಬಾಯಿ ಬರದಿದ್ದರೆ ಬರೆದು ಕಳಿಸು, ನಾನು ಹಾಗೇ ಮಾಡಿದ್ದು.

ಲೆಕ್ಕದ ಪುಸ್ತಕ, ಬೆಂಗಳೂರು

ಮೇಡಂ, ಒಂದೇ ಒಂದು ಎಚ್ಚರಿಕೆ. ಮಾರುವಾಗ "ಮಕ್ಕಳ ಆಟಿಕೆ" ಅಂತ ಎಲ್ಲೂ ಬರೆಯಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಅವರು ಕೊಡುವ ಪೆಹಚಾನ್ ಕಾರ್ಡಿಗೆ ಅರ್ಜಿ ಹಾಕಿ, ಮೇಳಗಳಿಗೆ ಹೋಗುವಾಗಲೂ ಉಪಯೋಗಕ್ಕೆ ಬರುತ್ತದೆ. ನಿಮ್ಮದು ಅಲಂಕಾರದ ವಸ್ತು, ಹಾಗೇ ಬರೆಯಿರಿ. ಕಣ್ಣಿಗೆ ಹಾಕಿದ ಮಣಿ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಅಪಾಯ ಎಂಬ ಸಾಲೂ ಡಬ್ಬಿ ಮೇಲೆ ಇರಲಿ.

ನಿಜವಾದ ಗರಿ ಅಂಟಿಸುವ ಆಸೆ ಬಂದರೂ ಬೇಡ. ಕಾಡುಹಕ್ಕಿಗಳ ಗರಿ ಮಾರಲು ಹೋದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಸೂಜಿಮಲ್ಲಿಗೆ, ಧಾರವಾಡ

ಮೂವರಿಗೂ ಕೈ ಮುಗಿಯುತ್ತೇನೆ. ಮೈಸೂರಿನ ಅಕ್ಕಾ, ನಿನ್ನೆ ರಾತ್ರಿಯೇ ದಾರ ಪೋಣಿಸಿ ನೋಡಿದೆ. ನೀವು ಹೇಳಿದ್ದು ನಿಜ. ನನ್ನ ಗುಬ್ಬಿಗಳ ಕಾಲು ಒಂದು ಬೆರಳಿನಷ್ಟು ಹಿಂದಿತ್ತು! ಬಿಚ್ಚಿ ಮತ್ತೆ ಹಾಕಿದೆ. ಈಗ ಮೇಜಿನ ಮೇಲೆ ಯಾವ ಆಸರೆಯೂ ಇಲ್ಲದೆ ನಿಂತಿದೆ. ಮಗಳನ್ನು ಎಬ್ಬಿಸಿ ತೋರಿಸಿದೆ.

ಮರೂನ್ ಖಣ ನಾಲ್ಕನೇ ತೊಳೆತಕ್ಕೂ ಬಣ್ಣ ಬಿಟ್ಟಿತು, ಅದನ್ನು ಪಕ್ಕಕ್ಕೆ ಇಟ್ಟೆ. ಹಸಿರು, ಕಂದು, ನೀಲಿ ಚೂರುಗಳು ಗೆದ್ದಿವೆ. ಮೂವರಿಗೆ 1,200 ರೂಪಾಯಿ ಅಂತ ಬರೆದು ಕಳಿಸಿದೆ, ನೀಲಕಂಠದವರಿಗೆ 1,600. ಇಬ್ಬರು ಅರ್ಧ ಮುಂಗಡ ಆಗಲೇ ಹಾಕಿದ್ದಾರೆ. ಒಬ್ಬರು ಬೇಡ ಅಂದರು, ಪರವಾಗಿಲ್ಲ.

ಇವತ್ತು ಬೆಳಗ್ಗೆ ನೀಲಕಂಠ ನೋಡಲು ಊರ ಹೊರಗಿನ ಹೊಲದ ಕಡೆ ಹೋಗಿದ್ದೆ. ಕರೆಂಟ್ ತಂತಿ ಮೇಲೆ ಕೂತಿತ್ತು, ಕಂದು ಎದೆ, ಸುಮ್ನೆ ಮುದುರಿಕೊಂಡು. ಆಮೇಲೆ ಹುಳು ಹಿಡಿಯಲು ಕೆಳಗೆ ಹಾರಿತು ನೋಡಿ, ಆ ನೀಲಿ! ಹಾಗಾಗಿ ಒಂದು ಹಕ್ಕಿಗೆ ರೆಕ್ಕೆ ಮುಚ್ಚಿ, ಇನ್ನೊಂದಕ್ಕೆ ಅರ್ಧ ಬಿಚ್ಚಿ ಹೊಲಿಯುತ್ತೇನೆ. ರೆಕ್ಕೆಯ ಒಳಗೆ ನವಿಲುನೀಲಿ ಖಣ ಇಡಬೇಕು ಅಂತಿದ್ದೇನೆ. ಅದು ಆಗಲೇ ನೆನೆಯಲು ಬಕೆಟ್‌ನಲ್ಲಿದೆ.