ಅಪ್‌ಡೇಟ್: ಹಿಂದೆ ಕೂತಿದ್ದ ಪಿಕಪ್ ಎದ್ದು ನಿಂತಿದೆ

ಹಳೇ ಬೊಲೆರೊ ಪಿಕಪ್ ಖಾಲಿ ಇದ್ರೂ ಹಿಂದೆ ಕೂತೇ ಇರುತ್ತೆ, ಕಡಿಮೆ ಖರ್ಚಲ್ಲಿ ಎತ್ತೋದು ಹೇಗೆ ಅಂತ ಕೇಳಿದ್ನಲ್ಲ, ಕೆಲಸ ಆಯ್ತು. ಶ್ಯಾಕಲ್ (ಪಟ್ಟಿ ಅಂದ್ರೆ ಲೀಫ್ ಸ್ಪ್ರಿಂಗ್, ಅದರ ತುದೀನ ಚಾಸಿಗೆ ಜೋಡಿಸೋ ಕೊಂಡಿ) ಉದ್ದ ಮಾಡ್ಸಿ ಅಂತ ಕೆಲವ್ರು, ಆಕ್ಸಲ್‌ಗೂ ಪಟ್ಟಿಗೂ ಮಧ್ಯ ಬ್ಲಾಕ್ ಹಾಕ್ಸಿ ಅಂತ ಕೆಲವ್ರು ಹೇಳಿದ್ರಿ, ಎರಡೂ ಬೇಡ ಅಂದ್ಕೊಂಡೆ, ಯಾಕಂದ್ರೆ ಸೋತ ಪಟ್ಟಿ ಸೋತೇ ಇರುತ್ತೆ, ಲೋಡ್ ಬಿದ್ರೆ ಮತ್ತೆ ಕೂರುತ್ತೆ, ಬ್ಲಾಕ್ ಇದ್ರಂತೂ ಬ್ರೇಕ್ ಹಿಡಿದಾಗ ಪಟ್ಟಿ ತಿರುಚೋದು ಇನ್ನೂ ಜಾಸ್ತಿ.

ಪಟ್ಟಿ ಕೆಲಸದವ್ರ ಹತ್ರ ಸೆಟ್ ಬಿಚ್ಚಿಸಿದ್ರೆ ಒಂದು ಪ್ಲೇಟ್, ಎಲ್ಲಾ ಪ್ಲೇಟ್ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟಿನ ತೂತಿನ ಹತ್ರಾನೇ ಕ್ರ್ಯಾಕ್ ಆಗಿತ್ತು! ಅದನ್ನ ಬದಲಾಯಿಸಿ ಉಳಿದವಕ್ಕೆ ಮೊದ್ಲಿನ ಹಾಗೆ ಕಮಾನು (ಬಾಗು) ಕೊಡ್ಸಿ, ಸೆಂಟರ್ ಬೋಲ್ಟ್, ಬುಷ್, ಪಟ್ಟೀನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಎಲ್ಲಾ ಹೊಸದು ಹಾಕಿಸ್ದೆ. ಯು ಬೋಲ್ಟ್ ಮಾತ್ರ ದಯವಿಟ್ಟು ಹಳೇದು ವಾಪಸ್ ಹಾಕ್ಬೇಡಿ, ಟೈಟ್ ಮಾಡಿದಾಗ್ಲೇ ಅದು ಎಳೆದ್ಕೊಂಡಿರುತ್ತೆ, ಹೊಸದನ್ನೂ ಸ್ವಲ್ಪ ಓಡಿಸಿದ್ಮೇಲೆ ಮತ್ತೆ ಟೈಟ್ ಮಾಡಿಸ್ಬೇಕು.

ಈಗ ಎರಡು ಇಂಚಿನಷ್ಟು ಮೇಲೆ ಬಂದಿದೆ, ಎಡ ಬಲ ಸಮ, ಹೊಸ ಸೆಟ್ ರೇಟಿನ ಅರ್ಧಾನೂ ಆಗ್ಲಿಲ್ಲ. ಖಾಲಿ ಇದ್ದಾಗ ಸ್ವಲ್ಪ ಕುಣಿಯುತ್ತೆ, ಪರವಾಗಿಲ್ಲ. ಕಾನೂನಿನ ಬಗ್ಗೆ ಕೇಳಿದವ್ರಿಗೆ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇರೋದು ಕಂಪನಿ ಸ್ಪೆಸಿಫಿಕೇಶನ್ ಬದಲಾಯಿಸೋದ್ರ ಬಗ್ಗೆ, ನಾನು ಮಾಡಿಸಿದ್ದು ಮೊದ್ಲಿದ್ದ ಎತ್ತರಕ್ಕೆ ತರೋದು ಅಷ್ಟೇ.

ಹಿಂದಿನ ಬ್ರೇಕಿಗೆ ಲೋಡ್ ನೋಡಿ ಪ್ರೆಶರ್ ಕೊಡೋ ವಾಲ್ವ್ ಇರೋ ಗಾಡಿ ಆದ್ರೆ ಅದರ ರಾಡ್ ಸೆಟ್ಟಿಂಗ್ ಚೆಕ್ ಮಾಡಿಸ್ಲೇಬೇಕು, ಹಿಂದೆ ಎತ್ತರ ಜಾಸ್ತಿ ಆದ್ರೆ ಆ ವಾಲ್ವ್ ಗಾಡಿ ಖಾಲಿ ಇದೆ ಅಂತ ತಿಳ್ಕೊಂಡು ಬ್ರೇಕ್ ಕಮ್ಮಿ ಕೊಡುತ್ತೆ. ಹೆಡ್‌ಲೈಟೂ ಅಷ್ಟೇ, ಹಿಂದೆ ಎದ್ರೆ ಬೆಳಕು ಹತ್ತಿರಕ್ಕೇ ಬೀಳುತ್ತೆ, ಅದನ್ನ ನಾಳೆ ಅಡ್ಜಸ್ಟ್ ಮಾಡಿಸ್ತೀನಿ.