‘ಮೈದುಂಬು’ ಇಲ್ಲಿ ಹೊಂದುತ್ತದೆಯೇ? (1954ರ ಕಾಟನ್ ಬೌಲ್ ಪ್ರಸಂಗ)

ಗೆಳೆಯರೇ,

ಒಂದು ಮಾತಿಗೆ ಕನ್ನಡ ಹುಡುಕುತ್ತ ಮೂರು ದಿನ ಆಯಿತು. ಒಂದು ಪದ ಹೊಳೆದಿದೆ, ಆದರೆ ಅದರ ಮೇಲೆ ನನಗೇ ಅನುಮಾನ. ಮೊದಲು ಪ್ರಸಂಗ ಹೇಳಿಬಿಡುತ್ತೇನೆ.

1954ರ ಜನವರಿ 1, ಟೆಕ್ಸಾಸಿನ ಡಲ್ಲಾಸ್. ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಹೆಸರು ಕಾಟನ್ ಬೌಲ್. ಹ್ಯೂಸ್ಟನ್ನಿನ ರೈಸ್ ತಂಡಕ್ಕೂ ಅಲಬಾಮಾಕ್ಕೂ ಆಟ. ಎರಡನೇ ಕ್ವಾರ್ಟರಿನಲ್ಲಿ ರೈಸ್ 7, ಅಲಬಾಮಾ 6. ರೈಸ್‌ನ ಡಿಕಿ ಮೇಗಲ್ ತನ್ನ ಕಡೆಯ 5 ಗಜದ ಗೆರೆಯಿಂದ ಚೆಂಡು ಅವುಚಿಕೊಂಡು ಓಡಿದ. ಎಲ್ಲರೂ ಹಿಂದೆ ಬಿದ್ದರು. ಅಲಬಾಮಾದವರ ಬೆಂಚಿನ ಮುಂದೆಯೇ ಹಾದುಹೋಗುತ್ತಿದ್ದ. ಆಗ ಬೆಂಚಿನ ಬಳಿಯಿದ್ದ ಟಾಮಿ ಲೂಯಿಸ್ ಮೈದಾನಕ್ಕೆ ನುಗ್ಗಿ ಅವನನ್ನು ಕೆಡವಿಬಿಟ್ಟ. ಆ ಹೊತ್ತಿನಲ್ಲಿ ಲೂಯಿಸ್ ಆಟದಲ್ಲೇ ಇರಲಿಲ್ಲ! ಕೆಡವಿದವನು ಎದ್ದು ವಾಪಸ್ ಬೆಂಚಿಗೆ ಹೋಗಿ ಕೂತ. ರೆಫರಿ ಕ್ಲಿಫ್ ಶಾ 95 ಗಜದ ಓಟ ಪೂರ್ತಿಯಾದ ಹಾಗೆಯೇ ಲೆಕ್ಕ ಹಿಡಿದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ ಸಿಗುವ ಅಂಕ) ಕೊಟ್ಟರು. ಕೊನೆಗೆ ರೈಸ್ 28-6ರಿಂದ ಗೆದ್ದಿತು. ಮೇಗಲ್ ಅವತ್ತು ಬರೀ 11 ಸಲ ಚೆಂಡು ಹಿಡಿದು ಓಡಿ 265 ಗಜ ಗಳಿಸಿದ. ಕಾಟನ್ ಬೌಲ್‌ನಲ್ಲಿ ಆ ದಾಖಲೆ 2008ರ ವರೆಗೂ ಉಳಿದಿತ್ತು.

(ಅವನ ಹೆಸರಿನದೇ ಒಂದು ಕತೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಜನ ‘ಮೋಗಲ್’ ಅನ್ನುತ್ತಿದ್ದರು. ಕೊನೆಗೆ ಅವನೇ ಕಾಗುಣಿತ ಬದಲಿಸಿಕೊಂಡ. ನಮ್ಮ ಲಿಪಿಯಲ್ಲಿ ಈ ರಗಳೆಯೇ ಇಲ್ಲ.)

ಯಾಕೆ ಹಾಗೆ ಮಾಡಿದೆ ಎಂದು ಕೇಳಿದವರಿಗೆ ಲೂಯಿಸ್ ಕೊಟ್ಟ ಉತ್ತರವೇ ನನ್ನ ತಲೆನೋವು. ತಾನು ‘ಟೂ ಫುಲ್ ಆಫ್ ಅಲಬಾಮಾ’ ಅಂದ. ಇದನ್ನು ಕನ್ನಡದಲ್ಲಿ ಏನೆನ್ನೋಣ?

‘ಅಲಬಾಮಾ ಅಭಿಮಾನ ಉಕ್ಕಿ ಹರಿಯಿತು’ ಎಂದರೆ ರಾಜ್ಯೋತ್ಸವದ ಭಾಷಣ ಕೇಳಿದ ಹಾಗಾಗುತ್ತದೆ. ‘ಅಲಬಾಮಾ ಹುಚ್ಚು’ ಪರವಾಗಿಲ್ಲ, ಆದರೆ ಹುಚ್ಚು ಹಿಡಿಯುವುದು ತಲೆಗೆ. ಇವನ ತಲೆಗೆ ಗೊತ್ತಾಗುವ ಮೊದಲೇ ಕಾಲು ಓಡಿತ್ತು. ಆಗ ಹೊಳೆದದ್ದು ‘ಮೈದುಂಬು’. ಮಳೆಗಾಲದಲ್ಲಿ ಹೊಳೆ ಮೈದುಂಬುತ್ತದೆ. ಜಾತ್ರೆಯಲ್ಲಿ ದೇವರು ಮೈದುಂಬುತ್ತದೆ. ಅವತ್ತು ಲೂಯಿಸ್‌ಗೆ ಅಲಬಾಮಾ ಮೈದುಂಬಿತ್ತು. ಚೆನ್ನಾಗಿದೆ, ಅಲ್ವಾ?

ಅನುಮಾನ ಎಲ್ಲಿ ಅಂದರೆ, ದೇವರು ಮೈದುಂಬಿದವನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಕುಣಿದದ್ದೂ ನುಡಿದದ್ದೂ ದೇವರು, ಅವನಲ್ಲ. ಲೂಯಿಸ್ ಹಾಗೆ ಜಾರಿಕೊಳ್ಳಲಿಲ್ಲ. ಮೇಗಲ್ ಹತ್ತಿರ ಹೋಗಿ ಕ್ಷಮೆ ಕೇಳಿದ. ನನ್ನ ಪದ ಅವನು ಕೇಳದ ವಿನಾಯಿತಿಯನ್ನು ಅವನಿಗೆ ಕೊಟ್ಟುಬಿಡುತ್ತದೆ. ಇನ್ನೊಂದು ಕೊರತೆ ಆ ‘ಟೂ’. ಮೈದುಂಬುವುದರಲ್ಲಿ ‘ಅತಿಯಾಯಿತು’ ಎಂಬ ದನಿ ಇಲ್ಲ. ನನ್ನ ಅಕ್ಕ ಸುಮ್ನೆ ಹೇಳಿದಳು: ‘ನನ್ನೊಳಗೆ ಅಲಬಾಮಾ ಸ್ವಲ್ಪ ಜಾಸ್ತಿಯೇ ತುಂಬಿಕೊಂಡಿತ್ತು’ ಅಂತ ಬರಿ. ಇದರಲ್ಲಿ ತಪ್ಪೊಪ್ಪಿಗೆಯೂ ಇದೆ, ನಗುವೂ ಇದೆ. ಆದರೆ ಉದ್ದ ಆಯಿತು. ಬೆಂಚಿನಿಂದ ಎದ್ದು ನುಗ್ಗಿದವನ ಮಾತು ಇಷ್ಟು ನಿಧಾನವೇ?

‘ಬೌಲ್’ ಬಗ್ಗೆಯೂ ಒಂದು ಮಾತು. ‘ಹತ್ತಿ ಬಟ್ಟಲು’ ಎಂದು ಮಾಡಿ ನೋಡಿದೆ. ಬಟ್ಟಲಲ್ಲಿ ರೈಸ್ ಗೆದ್ದಿತು ಎಂದು ಬರೆದರೆ ಓದುವವರು ಸಾರು ಕೇಳುತ್ತಾರೆ! ನಿಜಕ್ಕೂ ಅದು ಕ್ರೀಡಾಂಗಣದ ಆಕಾರ. 1914ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೋಗುಣಿಯಂಥ ಕ್ರೀಡಾಂಗಣ ಕಟ್ಟಿ ಯೇಲ್ ಬೌಲ್ ಎಂದರು. ಅದನ್ನು ನೋಡಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರೋಸ್ ಬೌಲ್ ಎದ್ದಿತು. ಅಲ್ಲಿನ ಹೊಸವರ್ಷದ ಪಂದ್ಯ 1902ರಲ್ಲೇ ಶುರುವಾಗಿತ್ತು. 1923ರಲ್ಲಿ ಹೊಸ ಅಂಗಣಕ್ಕೆ ಬಂದ ಮೇಲೆ ಪಂದ್ಯಕ್ಕೂ ಅಂಗಣದ ಹೆಸರೇ ಅಂಟಿತು. 1930ರ ದಶಕದಲ್ಲಿ ಮಿಯಾಮಿಯವರು ಆರೆಂಜ್, ನ್ಯೂ ಆರ್ಲಿಯನ್ಸಿನವರು ಶುಗರ್, ಡಲ್ಲಾಸಿನವರು ಕಾಟನ್ ಸೇರಿಸಿಕೊಂಡರು. ಯಾವ ಸೀಮೆಯಲ್ಲಿ ಏನು ಹೆಚ್ಚೋ ಅದು. ಜಾಗದ ಹೆಸರು ಆಟಕ್ಕೆ ಬರುವುದು ನಮಗೇನೂ ಹೊಸದಲ್ಲ. ಕಂಬಳವೂ ಮೊದಲು ಕೆಸರುಗದ್ದೆಯ ಹೆಸರೇ ಎನ್ನುವವರಿದ್ದಾರೆ. ಹಾಗಾಗಿ ‘ಬೌಲ್’ ಅನ್ನು ಅನುವಾದಿಸದೆ ಬಿಟ್ಟಿದ್ದೇನೆ. ಕ್ರಿಕೆಟ್ಟಿನ ಬೌಲಿಂಗ್ ಜೊತೆ ಗೊಂದಲ ಆದೀತು, ಆಗಲಿ ಬಿಡಿ. ‘ಟ್ಯಾಕಲ್’ಗೆ ಕೆಡವು ಸಾಕು. ಕಾಲ್ಚೆಂಡು ಮಾತ್ರ ಬೇಡ, ಅಲ್ಲಿ ಚೆಂಡು ಹೆಚ್ಚು ಹೊತ್ತು ಇರುವುದು ಕೈಯಲ್ಲಿ.

ನಿಮ್ಮಿಂದ ತಿಳಿಯಬೇಕಾದದ್ದು ಎರಡು. ನಿಮ್ಮ ಊರಿನಲ್ಲಿ ದೇವರು ‘ಅವನಿಗೆ’ ಮೈದುಂಬುತ್ತದೋ, ‘ಅವನ ಮೇಲೆ’ ಮೈದುಂಬುತ್ತದೋ? ನನ್ನ ಕಿವಿಗೆ ಮೊದಲನೆಯದು ಸರಿ, ಆದರೆ ‘ಮೈಮೇಲೆ ಬಂತು’ ಎನ್ನುವುದರ ಜೊತೆ ಕಲಸಿಹೋಗಿ ಎರಡೂ ಬಾಯಿಗೆ ಬರುತ್ತಿವೆ. ಮತ್ತೆ, ಮನುಷ್ಯ ತನ್ನ ಬಗ್ಗೆ ತಾನೇ ‘ನನಗೆ ಮೈದುಂಬಿತ್ತು’ ಎಂದು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ನಾನು ಕೇಳಿರುವುದೆಲ್ಲ ಸುತ್ತ ನಿಂತು ನೋಡಿದವರ ಬಾಯಲ್ಲೇ.