ಮಂಗಳೂರು–ದುಬೈ: ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆಯಾ?

ಪ್ರಶ್ನೆ:
ಜನವರಿಯಲ್ಲಿ ಅಮ್ಮನನ್ನು ಕರ್ಕೊಂಡು ಶಾರ್ಜಾದಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇನೆ. ನಾವು ಪುತ್ತೂರಿನವರು, ಇಬ್ಬರಿಗೂ ವಿಮಾನ ಇದೇ ಮೊದಲು. ತಮ್ಮ ಕಳಿಸಿದ ಟಿಕೆಟಿನಲ್ಲಿ ಮಂಗಳೂರು ಬಿಡುವುದು ಬೆಳಿಗ್ಗೆ 10.10ಕ್ಕೆ, ದುಬೈ ಮುಟ್ಟುವುದು 12.25ಕ್ಕೆ. ವಾಪಸ್ ಬರುವಾಗ ಮಧ್ಯಾಹ್ನ 1.30ಕ್ಕೆ ಹೊರಟು ಸಂಜೆ 6.20ಕ್ಕೆ ಇಳಿಯುವುದು. ದಾರಿ ಒಂದೇ ಅಲ್ಲವಾ? ಬರುವಾಗ ನಡುವೆ ಎಲ್ಲಾದರೂ ನಿಲ್ಲಿಸ್ತಾರಾ? ಅಮ್ಮನಿಗೆ ಶುಗರ್ ಇದೆ, ಮಧ್ಯಾಹ್ನ ಒಂದು ಗಂಟೆಗೆ ಇನ್ಸುಲಿನ್, ಕೂಡಲೇ ಊಟ. ಹೊತ್ತು ಸರಿಯಾಗಿ ಗೊತ್ತಾಗದೆ ನನಗೆ ನಿದ್ದೆ ಬರ್ತಿಲ್ಲ.

ಉತ್ತರ 1:
ಎಲ್ಲೂ ನಿಲ್ಲಿಸುವುದಿಲ್ಲ, ಹೆದರಬೇಡಿ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ಹೋಗುವಾಗಿನ ಎರಡೂಕಾಲಕ್ಕೆ ಒಂದೂವರೆ ಕೂಡಿಸಿ: ಮೂರು ಮುಕ್ಕಾಲು ಗಂಟೆ. ಬರುವಾಗಿನದರಲ್ಲಿ ಒಂದೂವರೆ ಕಳೆಯಿರಿ: 3 ಗಂಟೆ 20 ನಿಮಿಷ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ನೇರ ಅಳತೆ ಸುಮಾರು 2,450 ಕಿ.ಮೀ. ಹೆಚ್ಚಿನ ದಾರಿ ಅರಬ್ಬಿ ಸಮುದ್ರದ ಮೇಲೆಯೇ. ಕಡೆಗೆ ಒಮಾನಿನ ಬೋಳು ಬೆಟ್ಟಗಳು ಕಂಡರೆ ಇಳಿಯುವ ಹೊತ್ತು ಹತ್ತಿರವಾಯಿತು ಅಂತ ಅಮ್ಮನಿಗೆ ಹೇಳಿ. ಹನ್ನೊಂದು ವರ್ಷ ಓಡಾಡಿದರೂ ನಾನು ಆ ಬೆಟ್ಟ ನೋಡದೆ ಬಿಟ್ಟದ್ದಿಲ್ಲ.

ಉತ್ತರ 2:
ಉಳಿದ 25 ನಿಮಿಷದ ವ್ಯತ್ಯಾಸ ಗಾಳಿಯದ್ದು. ಅಷ್ಟು ಎತ್ತರದಲ್ಲಿ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಉತ್ತರ 3:
ನನ್ನ ಅತ್ತೆಯನ್ನೂ ಹೀಗೇ ಕರ್ಕೊಂಡು ಹೋಗಿದ್ದೆ, ಅದಕ್ಕೇ ಬರೀತಿದ್ದೇನೆ. ಅಮ್ಮನ ವಾಚ್ ಊರಿನ ಹೊತ್ತಿಗೇ ಇರಲಿ. ಆ ಲೆಕ್ಕದಲ್ಲಿ ನೀವು ಇಳಿಯುವುದು 1.55ಕ್ಕೆ. ಇಮಿಗ್ರೇಷನ್ ಸಾಲು, ಬ್ಯಾಗು, ಶಾರ್ಜಾ ರಸ್ತೆಯ ಟ್ರಾಫಿಕ್ಕು ಮುಗಿಸಿ ಮನೆ ಸೇರುವಾಗ ಮೂರೂವರೆ ದಾಟೀತು. ಹಾಗಾಗಿ ಒಂದು ಗಂಟೆಯ ಊಟ ವಿಮಾನದಲ್ಲೇ ಆಗಬೇಕು. ಟಿಕೆಟಿನಲ್ಲಿ ಊಟ ಸೇರಿದೆಯಾ ನೋಡಿ, ಇಲ್ಲದಿದ್ದರೆ ಈಗಲೇ ಬುಕ್ ಮಾಡಿ. ತಟ್ಟೆ ಎದುರಿಗೆ ಬಂದ ಮೇಲೆಯೇ ಇನ್ಸುಲಿನ್ ಕೊಡಿ. ನಾವು ಮೊದಲೇ ಕೊಟ್ಟೆವು, ಊಟ ನಲ್ವತ್ತು ನಿಮಿಷ ತಡವಾಯಿತು, ಅತ್ತೆಯ ಕೈ ನಡುಗಲು ಶುರುವಾಯಿತು. ಕಿಸೆಯಲ್ಲಿದ್ದ ಗ್ಲೂಕೋಸ್ ಪುಡಿಯೇ ಕಾಪಾಡಿದ್ದು. ಇನ್ಸುಲಿನ್ ಕೈಚೀಲದಲ್ಲೇ ಇಡಿ, ದೊಡ್ಡ ಬ್ಯಾಗಿಗೆ ಹಾಕಿದರೆ ಕೆಳಗಿನ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಡಾಕ್ಟರ ಚೀಟಿ ಜೊತೆಗಿರಲಿ, ಡೋಸ್ ಬಗ್ಗೆ ಅವರನ್ನೇ ಒಮ್ಮೆ ಕೇಳಿಬಿಡಿ.

ಪ್ರಶ್ನೆ ಕೇಳಿದವರು:
ಈಗ ಸಮಾಧಾನವಾಯಿತು ಮಾರಾಯ್ರೆ. ಬರುವ ದಿನ ಊರಿನ ಒಂದು ಗಂಟೆ ಅಂದರೆ ಅಲ್ಲಿ ಹನ್ನೊಂದೂವರೆ, ಆಗ ಏರ್‌ಪೋರ್ಟಿನಲ್ಲೇ ಇರ್ತೇವೆ. ತಮ್ಮನ ಹೆಂಡತಿ ಕಟ್ಟಿಕೊಡುವ ಬುತ್ತಿ ಅಲ್ಲೇ ಬಿಚ್ಚುವುದು. ಊಟ ಬುಕ್ ಮಾಡಿದೆ. ಅಮ್ಮನಿಗೆ ಕಿಟಕಿ ಬದಿಯ ಸೀಟೂ ಕೇಳಿದ್ದೇನೆ.